ಬ್ಲ್ಯಾಕ್ ಬೆಲ್ಟ್‌ಗೆ ಸಹಿ ಹಾಕುವವರು ಯಾರು? ಟೇಕ್ವಾಂಡೋ ಪರೀಕ್ಷೆ ನಡೆದು ಬಂದ ದಾರಿ

ಟೇಕ್ವಾಂಡೋ ಕಲಿಯುವ ಮಗು ಬಿಳಿ ಬೆಲ್ಟ್‌ನಿಂದ ಕೆಂಪು ಬೆಲ್ಟ್‌ವರೆಗೆ ಹಲವು ಪರೀಕ್ಷೆ ಬರೆಯುತ್ತದೆ, ಅಂದರೆ ಅಂಗಳದಲ್ಲಿ ಮಾಡಿ ತೋರಿಸುತ್ತದೆ. ಆ ಪ್ರಮಾಣಪತ್ರಗಳೆಲ್ಲ ಕಲಿಸುವ ಗುರುವಿನ ಅಥವಾ ಆ ಕ್ಲಬ್ಬಿನ ಸಹಿಯಲ್ಲೇ ಬರುತ್ತವೆ. ಕಪ್ಪು ಬೆಲ್ಟ್‌ಗೆ ಬಂದಾಗ ಮಾತ್ರ ಸಿಯೋಲ್ ನಗರದ ಕುಕ್ಕಿವೊನ್ ಎಂಬ ಸಂಸ್ಥೆಯ ಹೆಸರು ಕೇಳಿಬರುತ್ತದೆ. ಬೆಂಗಳೂರಿನ ಶಾಲೆಯ ಅಂಗಳದಲ್ಲಿ ಕಲಿತರೂ, ಅಮೆರಿಕದ ಊರಲ್ಲಿ ಕನ್ನಡದ ಮಕ್ಕಳು ಕಲಿತರೂ ಪದ್ಧತಿ ಒಂದೇ. ಕೆಳಗಿನ ದರ್ಜೆಗಳು ಸ್ಥಳೀಯ ಗುರುವಿನ ಕೈಯಲ್ಲಿ, ಮೇಲಿನವು ದೂರದ ಸಂಸ್ಥೆಯ ಕೈಯಲ್ಲಿ ಏಕಿವೆ ಎಂಬುದು ತಿಳಿಯಬೇಕಾದರೆ 1940ರ ದಶಕದ ಕೊರಿಯಾಕ್ಕೆ ಹೋಗಬೇಕು.

ಮೊದಲಿಗೆ, ಕಪ್ಪು ಬೆಲ್ಟ್‌ನ ದರ್ಜೆಗಳನ್ನು ಎಣಿಸುವ ಡಾನ್ ಎಂಬ ಲೆಕ್ಕವೇ ಕೊರಿಯಾದ್ದಲ್ಲ. ಜಪಾನಿನಲ್ಲಿ ಜೂಡೋ ಕಟ್ಟಿದ ಕಾನೊ ಜಿಗೊರೊ 1883ರಲ್ಲಿ ತಮ್ಮ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಗಿಚಿನ್ ಫುನಾಕೊಶಿ 1924ರಲ್ಲಿ ಅದನ್ನು ಕರಾಟೆಗೆ ತಂದರು. ಹಳದಿ, ಹಸಿರು, ನೀಲಿಯಂಥ ಬಣ್ಣಗಳು ಹಬ್ಬಿದ್ದು ಇನ್ನೂ ತಡವಾಗಿ. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೂಡೋ ಕಲಿಸುತ್ತಿದ್ದ ಕವೈಶಿ ಮಿಕಿನೊಸುಕೆ ಯುರೋಪಿನ ವಿದ್ಯಾರ್ಥಿಗಳಿಗಾಗಿ ಅವನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. ಹಂತ ಹಂತವಾಗಿ ಏನಾದರೂ ಕೈಗೆ ಸಿಕ್ಕರೆ ಹೊಸಬರು ಕಲಿಕೆ ಬಿಡುವುದಿಲ್ಲ. ಆ ಮಾತು ಇಂದಿಗೂ ನಿಜ.

1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಓದಲೆಂದು ಜಪಾನಿಗೆ ಹೋದ ಕೊರಿಯಾದ ಯುವಕರು ಅಲ್ಲಿ ಕರಾಟೆ ಕಲಿತು ಬಂದರು. ಫುನಾಕೊಶಿ ಬಳಿ ಕಲಿತ ಲೀ ವೊನ್ ಕುಕ್ 1944ರಲ್ಲಿ ಸಿಯೋಲ್‌ನಲ್ಲಿ ಚುಂಗ್ ದೊ ಕ್ವಾನ್ ತೆರೆದರು. ಅದೇ ವರ್ಷ ರೊ ಬ್ಯುಂಗ್ ಜಿಕ್ ಕೇಸಾಂಗ್‌ನಲ್ಲಿ ಸಾಂಗ್ ಮೂ ಕ್ವಾನ್ ಆರಂಭಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಹ್ವಾಂಗ್ ಕೀ ಅವರ ಮೂ ದುಕ್ ಕ್ವಾನ್, ಯುನ್ ಬ್ಯುಂಗ್ ಇನ್ ಅವರ ಪರಂಪರೆಯ ಚಾಂಗ್ ಮೂ ಕ್ವಾನ್, ಮುಂದೆ ಜಿದೊಕ್ವಾನ್ ಎಂದು ಹೆಸರಾದ ಶಾಲೆ ಹೀಗೆ ಒಂದೊಂದಾಗಿ ಹುಟ್ಟಿದವು. ಕ್ವಾನ್ ಅಂದರೆ ನಮ್ಮ ಗರಡಿಮನೆ ಇದ್ದ ಹಾಗೆ. ಗುರು, ಕಟ್ಟುಪಾಡು, ಪಟ್ಟು ಎಲ್ಲವೂ ಆ ಮನೆಯದೇ. ಪರೀಕ್ಷೆಯೂ ಆ ಮನೆಯದೇ. ಒಂದು ಕ್ವಾನ್‌ನ ಎರಡನೇ ಡಾನ್ ಇನ್ನೊಂದು ಕ್ವಾನ್‌ನಲ್ಲಿ ಎಷ್ಟಕ್ಕೆ ಸಮ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಈ ಬೇರೆ ಬೇರೆ ಮನೆಗಳನ್ನು ಒಂದೇ ಸೂರಿನಡಿ ತರಲು ಒತ್ತಾಯ ಹುಟ್ಟಿದ್ದು ಸೈನ್ಯದಿಂದ. ಸೇನಾಧಿಕಾರಿ ಚೊಯ್ ಹಾಂಗ್ ಹಿ ಸೈನಿಕರಿಗಾಗಿ ಒ ದೊ ಕ್ವಾನ್ ಕಟ್ಟಿದರು. 1955ರಲ್ಲಿ ಟೇಕ್ವಾಂಡೋ ಎಂಬ ಹೆಸರು ಮುಂದೆ ಬಂದದ್ದು ಅವರ ಪ್ರಯತ್ನದಿಂದ. ಸಾವಿರಾರು ಸೈನಿಕರಿಗೆ ಒಂದೇ ಪಾಠ, ಒಂದೇ ಅಳತೆ ಬೇಕಿತ್ತು. 1961ರಲ್ಲಿ ಕ್ವಾನ್‌ಗಳ ಒಕ್ಕೂಟ ಟೇಸೂದೊ ಎಂಬ ಹೆಸರಿನಲ್ಲಿ ರೂಪುಗೊಂಡಿತು. 1965ರಲ್ಲಿ ಅದು ಟೇಕ್ವಾಂಡೋ ಸಂಘವಾಯಿತು.

ಈ ಕಥೆಯ ತಿರುವು 1962ರದು ಎನ್ನುವುದು ನಮ್ಮ ಅಭಿಪ್ರಾಯ. ಆ ವರ್ಷ ಸಂಘ ಬೇರೆ ಬೇರೆ ಕ್ವಾನ್‌ಗಳವರನ್ನು ಒಂದೆಡೆ ಸೇರಿಸಿ ಡಾನ್ ಪರೀಕ್ಷೆ ನಡೆಸಿತು. ಕಲಿಸಿದವರು ಬೇರೆ, ಅಂಕ ಕೊಡುವವರು ಬೇರೆ ಎಂಬ ಪದ್ಧತಿ ಅಲ್ಲಿಂದ ಬೇರು ಬಿಟ್ಟಿತು. ಅಂದು ಮಾಡಿ ತೋರಿಸಬೇಕಿದ್ದ ಪಟ್ಟುಸರಣಿಗಳಲ್ಲಿ ಪ್ಯೊಂಗಾನ್‌ನಂಥವು ಇನ್ನೂ ಇದ್ದವು. ಅವು ಕರಾಟೆಯ ಹೇಯಾನ್‌ಗಳೇ, ಕೊರಿಯಾದ ಉಚ್ಚಾರದಲ್ಲಿ. ಸ್ವತಂತ್ರ ದೇಶದ ರಾಷ್ಟ್ರೀಯ ಕಲೆಯ ಪರೀಕ್ಷೆಯಲ್ಲಿ ಜಪಾನಿನ ಸರಣಿ ಇರುವುದು ಹಲವರಿಗೆ ಸಹಿಸಲಾಗದ ಸಂಗತಿಯಾಗಿತ್ತು. 1967ರಲ್ಲಿ ಪಾಲ್ಗ್ವೆ ಎಂಬ ಎಂಟು ಸರಣಿಗಳು, 1972ರಲ್ಲಿ ತೇಗುಕ್ ಎಂಬ ಇನ್ನೆಂಟು ಸರಣಿಗಳು ಬಂದದ್ದು ಇದೇ ಕಾರಣಕ್ಕೆ.

ಎಲ್ಲರೂ ಒಳಗೆ ಬರಲಿಲ್ಲ. ಹ್ವಾಂಗ್ ಕೀ ಹೊರಗುಳಿದರು. ಅವರ ಪರಂಪರೆಯ ತಾಂಗ್ ಸೂ ದೊ, ಸೂ ಬಾಕ್ ದೊ ಶಾಲೆಗಳಲ್ಲಿ ಇಂದಿಗೂ ಪ್ಯೊಂಗಾನ್ ಸರಣಿಗಳ ಮೇಲೆ ಪರೀಕ್ಷೆ ನಡೆಯುತ್ತದೆ. ಮೂ ದುಕ್ ಕ್ವಾನ್‌ನಲ್ಲಿ ಡಾನ್ ಪಡೆದವರು ಕಟ್ಟುವ ಬೆಲ್ಟ್ ಕಪ್ಪಲ್ಲ, ನಡುರಾತ್ರಿಯ ಆಕಾಶದಂಥ ಗಾಢ ನೀಲಿ. ಚೊಯ್ ಹಾಂಗ್ ಹಿ 1966ರಲ್ಲಿ ಐಟಿಎಫ್ ಎಂಬ ಅಂತರರಾಷ್ಟ್ರೀಯ ಟೇಕ್ವಾಂಡೋ ಒಕ್ಕೂಟ ಸ್ಥಾಪಿಸಿ, 1972ರಲ್ಲಿ ಕೆನಡಾಕ್ಕೆ ಹೊರಟುಹೋದರು. ದಿನದ 24 ತಾಸಿಗೆ ಒಂದರಂತೆ ತುಲ್ ಎಂಬ 24 ಸರಣಿಗಳು ಅವರ ಕ್ರಮದಲ್ಲಿವೆ. ಮೊದಲನೆಯ ಚಾನ್ ಜಿಯಲ್ಲಿ 19 ಚಲನೆಗಳು. 2002ರಲ್ಲಿ ಅವರು ತೀರಿಕೊಂಡ ಮೇಲೆ ಐಟಿಎಫ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸಂಸ್ಥೆಗಳಾದವು, ಒಂದೊಂದೂ ತನ್ನದೇ ಡಾನ್ ಕೊಡುತ್ತದೆ. ‘ಐಟಿಎಫ್ ಬ್ಲ್ಯಾಕ್ ಬೆಲ್ಟ್’ ಎಂದಷ್ಟೇ ಹೇಳಿದರೆ ಯಾವ ಐಟಿಎಫ್ ಎಂದು ಕೇಳಲೇಬೇಕಾದ ಸ್ಥಿತಿ.

ಕೊರಿಯಾದಲ್ಲಿ ಉಳಿದವರು 1972ರ ನವೆಂಬರ್ 30ರಂದು ಸಿಯೋಲ್‌ನ ಗಂಗ್ನಮ್‌ನಲ್ಲಿ ಕುಕ್ಕಿವೊನ್ ತೆರೆದರು. ಕುಕ್ಕಿ ಎಂದರೆ ರಾಷ್ಟ್ರೀಯ ಕಲೆ, ವೊನ್ ಎಂದರೆ ಆಲಯ. ಮರುವರ್ಷ ಅಲ್ಲೇ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅದರ ಬೆನ್ನಿಗೇ, 1973ರ ಮೇ 28ರಂದು, ಇಂದು ವರ್ಲ್ಡ್ ಟೇಕ್ವಾಂಡೋ ಎಂದು ಕರೆಯುವ ಒಕ್ಕೂಟ ಹುಟ್ಟಿತು. ಪಂದ್ಯ ಒಕ್ಕೂಟದ ಕೆಲಸ, ಡಾನ್ ಕುಕ್ಕಿವೊನ್‌ನ ಕೆಲಸ. ಈ ಎರಡನ್ನೂ ಒಂದೇ ಎಂದುಕೊಳ್ಳುವವರು ಈಗಲೂ ಬಹಳ. 1978ರಲ್ಲಿ ಕ್ವಾನ್‌ಗಳು ಒಂದಾಗುವ ಘೋಷಣೆಗೆ ಒಪ್ಪಿ, ಬೇರೆ ಬೇರೆ ಡಾನ್ ಕೊಡುವುದನ್ನು ಬಿಟ್ಟವು.

ಅದೇ ಹೊತ್ತಿಗೆ ಕೊರಿಯಾದ ದೊಜಾಂಗ್ ಎಂಬ ಕಲಿಕೆಯ ಮನೆಗಳಲ್ಲಿ ವಿದ್ಯಾರ್ಥಿಗಳ ವಯಸ್ಸು ಇಳಿಯುತ್ತ ಬಂತು. ಮೊದಲು ಸೈನಿಕರು, ಕಾಲೇಜು ಹುಡುಗರು. ಆಮೇಲೆ ಶಾಲಾ ಮಕ್ಕಳು. ಎಂಟು ವರ್ಷದ ಮಗುವಿಗೆ ದೊಡ್ಡವರ ಡಾನ್ ಕೊಡುವುದು ಸರಿಯೇ ಎಂಬ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಪೂಮ್. 15 ವರ್ಷದೊಳಗಿನವರಿಗೆ ಡಾನ್ ಬದಲು ಪೂಮ್, ಅರ್ಧ ಕೆಂಪು ಅರ್ಧ ಕಪ್ಪು ಬೆಲ್ಟ್. ಪಠ್ಯ ಅದೇ, ವಯಸ್ಸಾದ ಮೇಲೆ ಡಾನ್‌ಗೆ ಬದಲಿಸಿಕೊಳ್ಳಬಹುದು. ಮಗುವಿನ ಸೊಂಟದಲ್ಲಿ ಪೂರ್ತಿ ಕಪ್ಪು ಬೆಲ್ಟ್ ಕಂಡರೆ, ಅದು ಕುಕ್ಕಿವೊನ್‌ನ ಕ್ರಮದಂತೆ ಬಂದದ್ದಲ್ಲ.

ಗುಪ್ ಎಂಬ ಕೆಳದರ್ಜೆಗಳ ಎಣಿಕೆ ಹತ್ತರಿಂದ ಒಂದಕ್ಕೆ ಇಳಿಯುತ್ತದೆ, ಡಾನ್ ಒಂದರಿಂದ ಏರುತ್ತದೆ. ಮೊದಲ ಡಾನ್‌ನಿಂದ ಎರಡಕ್ಕೆ ಕನಿಷ್ಠ 1 ವರ್ಷ, ಎರಡರಿಂದ ಮೂರಕ್ಕೆ 2, ಮೂರರಿಂದ ನಾಲ್ಕಕ್ಕೆ 3, ಹೀಗೆ ಕಾಯಬೇಕು. ಎಂಟರಿಂದ ಒಂಬತ್ತಕ್ಕೆ 9 ವರ್ಷ. ಗುಪ್‌ಗೆ ಇಂಥ ಗಡುವು ಕುಕ್ಕಿವೊನ್‌ನಲ್ಲಿ ದಾಖಲಾಗುವುದೇ ಇಲ್ಲ. ಎರಡು ಮೂರು ತಿಂಗಳಿಗೊಂದು ಬೆಲ್ಟ್ ಪರೀಕ್ಷೆ, ಪ್ರತಿ ಪರೀಕ್ಷೆಗೂ ಶುಲ್ಕ ಎಂಬ ರೂಢಿ ಬೆಳೆಯಲು ಜಾಗ ಸಿಕ್ಕಿದ್ದು ಇಲ್ಲೇ.

ಇನ್ನು ಪರೀಕ್ಷೆಯಲ್ಲಿ ಏನು ನೋಡುತ್ತಾರೆ? ಮುಖ್ಯವಾಗಿ ಪೂಮ್ಸೆ ಎಂಬ ಸರಣಿ, ಕ್ಯೋರುಗಿ ಎಂಬ ಎದುರಾಳಿಯೊಂದಿಗಿನ ಸೆಣಸು, ಮತ್ತು ಹಲವೆಡೆ ಕ್ಯೊಕ್ಪಾ ಎಂಬ ಹಲಗೆ ಒಡೆಯುವಿಕೆ. ಇವುಗಳಲ್ಲಿ ಪೂಮ್ಸೆಯೇ ಬಹಳ ಹೇಳುತ್ತದೆ. ಮೊದಲನೆಯ ತೇಗುಕ್ ಇಲ್ ಜಾಂಗ್ ತೆಗೆದುಕೊಳ್ಳಿ. ಅದು ಆಕಾಶದ ಸಂಕೇತ, ಮೂರು ಮುರಿಯದ ಗೆರೆ. ಕೊರಿಯಾದ ಬಾವುಟದ ಮೂಲೆಯಲ್ಲೂ ಇದೇ ಚಿಹ್ನೆ ಇದೆ. ಒಟ್ಟು 18 ಹಂತ. ಎಡಕ್ಕೆ ತಿರುಗಿ ಕೆಳತಡೆ, ಒಂದು ಹೆಜ್ಜೆ ಮುಂದೆ ಗುದ್ದು. ಹಿಂದಕ್ಕೆ ತಿರುಗಿ ಮತ್ತೆ ಅದೇ. ನಂತರ ಮಧ್ಯದ ಗೆರೆಯಲ್ಲಿ ಉದ್ದ ನಿಲುವು, ಅದರಲ್ಲಿ ತಡೆ ಮತ್ತು ಗುದ್ದು. ಹೀಗೆ ಎರಡು ಅಡ್ಡ ಗೆರೆ ದಾಟಿ, ಮೂರನೆಯದರಲ್ಲಿ ಮೇಲ್ತಡೆ ಮತ್ತು ಮುಂದೊದೆ ಮುಗಿಸಿ, ಉದ್ದ ಹೆಜ್ಜೆ ಇಟ್ಟು ಹೊರಟ ಜಾಗಕ್ಕೆ ಬಂದು, ಕೊನೆಯ ಗುದ್ದಿನ ಜೊತೆ ಕಿಹಾಪ್ ಎಂಬ ಕೂಗು ಹಾಕಬೇಕು.

ಕೊನೆಗೆ ಹೊರಟ ಜಾಗಕ್ಕೆ ಬರದಿದ್ದರೆ ತಪ್ಪು ನಿಲುವಿನಲ್ಲಿದೆ. ಈ ಸರಣಿಯಲ್ಲಿ ಇರುವುದು ಎರಡೇ ನಿಲುವು. ಅಪ್ ಸೊಗಿ ಅಂದರೆ ದಾರಿಯಲ್ಲಿ ನಡೆಯುವಾಗ ಥಟ್ಟನೆ ನಿಂತಷ್ಟು ದೂರ, ಎರಡೂ ಮಂಡಿ ನೇರ, ಭಾರ ಸಮ. ಅಪ್ ಕುಬಿ ಅದರ ಒಂದೂವರೆಯಷ್ಟು ಉದ್ದ, ಮುಂದಿನ ಮಂಡಿ ಬಾಗಿ ಬೆರಳುಗಳ ನೇರಕ್ಕೆ ಬರಬೇಕು, ಭಾರದ ಸುಮಾರು ಮೂರನೇ ಎರಡು ಪಾಲು ಮುಂದಿನ ಕಾಲ ಮೇಲೆ, ಎರಡು ಪಾದಗಳ ನಡುವೆ ಅಡ್ಡಕ್ಕೆ ಒಂದು ಮುಷ್ಟಿಯಷ್ಟು ಅಂತರ. ಹೊಸಬರು ಅಪ್ ಸೊಗಿಯನ್ನು ಹಿಗ್ಗಿಸಿ, ಅಪ್ ಕುಬಿಯನ್ನು ಕುಗ್ಗಿಸಿ, ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಮುಂದಕ್ಕೆ ಎರಡು ಉದ್ದ ಹೆಜ್ಜೆ, ಹಿಂದಕ್ಕೂ ಎರಡು. ಅಳತೆ ತಪ್ಪಿದರೆ ಆರಂಭದ ಗುರುತಿನಿಂದ ಒಂದು ಅಡಿ ಆಚೆಗೆ ಮುಗಿಯುತ್ತದೆ. ನಿಂತ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಅಭ್ಯಾಸ ಮಾಡಿದರೆ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ತಪ್ಪು ಒದೆಯ ನಂತರ ಬರುತ್ತದೆ. ಮುಂದೊದೆ ಕೊಟ್ಟ ಕಾಲನ್ನು ಮಂಡಿ ಮಡಚಿ ಹಿಂದಕ್ಕೆ ಎಳೆದುಕೊಂಡು, ಆಮೇಲೆ ಚಿಕ್ಕ ಹೆಜ್ಜೆಯಲ್ಲಿ ಇಳಿಸಬೇಕು. ಮಡಚದೆ ನೇರ ಬೀಳಿಸಿದರೆ ದೇಹ ಮುಂದೆ ವಾಲಿ, ಹೆಜ್ಜೆ ಉದ್ದವಾಗಿ, ಜೊತೆಗಿನ ಗುದ್ದು ಪಾದ ನೆಲ ಮುಟ್ಟಿದ ಮೇಲೆ ತಡವಾಗಿ ಬರುತ್ತದೆ. ತಡೆಯುವ ಕೈಗೂ ಅಳತೆ ಇದೆ. ಕೆಳತಡೆಯಲ್ಲಿ ಮುಷ್ಟಿ ತೊಡೆಯಿಂದ ಎರಡು ಮುಷ್ಟಿ ದೂರ ನಿಲ್ಲಬೇಕು, ಮೇಲ್ತಡೆಯಲ್ಲಿ ಮಣಿಕಟ್ಟು ಹಣೆಯ ಮುಂದೆ ಒಂದು ಮುಷ್ಟಿ ದೂರ. ಇನ್ನೊಂದು ಕೈ ಸೊಂಟಕ್ಕೆ ಪೂರ್ತಿ ಬರದಿದ್ದರೆ ಸೊಂಟ ತಿರುಗುವುದಿಲ್ಲ, ಗುದ್ದಿನಲ್ಲಿ ಭುಜದ ಬಲ ಮಾತ್ರ ಉಳಿಯುತ್ತದೆ.

ಹಲಗೆಯ ವಿಚಾರದಲ್ಲಿ ಕೈಗೆ ಪೆಟ್ಟಾಗುವುದು ಹೆಚ್ಚಾಗಿ ಹಿಡಿದವರ ತಪ್ಪಿನಿಂದ. ಪೈನ್ ಹಲಗೆ ನಾರಿನ ದಿಕ್ಕಿಗೆ ಸೀಳುತ್ತದೆ. ಆದ್ದರಿಂದ ಹಿಡಿಯುವವರ ಕೈಗಳು ನಾರಿಗೆ ಸಮಾನಾಂತರವಾದ ಎರಡು ಅಂಚುಗಳಲ್ಲಿ ಇರಬೇಕು, ಬೆರಳು ಮುಂಭಾಗಕ್ಕೆ ಚಾಚಬಾರದು, ಮೊಣಕೈ ನೇರವಾಗಿ ಬಿಗಿದಿರಬೇಕು, ಒಂದು ಕಾಲು ಹಿಂದೆ ಊರಿರಬೇಕು. ತಿರುಗಿಸಿ ಹಿಡಿದರೆ ನಾರನ್ನೇ ಕತ್ತರಿಸಿದಂತೆ, ಎಷ್ಟೇ ಬಲ ಹಾಕಿದರೂ ಒಡೆಯದು. ಹಿಡಿದವರ ಕೈ ಸಡಿಲವಿದ್ದರೆ ಹಲಗೆ ಹಿಂದೆ ಸರಿದು ಏಟಿನ ಬಲವೆಲ್ಲ ಅಲ್ಲೇ ಕರಗುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ಹಲಗೆ ಬಾಗುತ್ತದೆ, ಸೀಳುವುದಿಲ್ಲ. ಗಂಟಿದ್ದರೆ ಅದನ್ನು ಬದಿಗಿಡುವುದೇ ಸರಿ. ಹೊಡೆಯುವವರು ಹಲಗೆಯ ಮೇಲ್ಮೈಗೆ ಗುರಿಯಿಟ್ಟರೆ ಕೈ ಅಲ್ಲೇ ನಿಲ್ಲುತ್ತದೆ, ಒಂದು ಗೇಣು ಆಚೆಗೆ ಗುರಿ ಇರಬೇಕು. ಮಕ್ಕಳ ಬೆರಳ ಮೂಳೆಗಳ ತುದಿ ಇನ್ನೂ ಬೆಳೆಯುತ್ತಿರುವುದರಿಂದ ಅವರಿಗೆ ಮುಷ್ಟಿಯಿಂದ ಒಡೆಸಬಾರದು. ತೆಳು ಹಲಗೆಗೆ ಪಾದದಿಂದ ಒದೆಯುವುದೇ ಸಾಕು.

ಕೊರಿಯಾದೊಳಗೆ ಡಾನ್ ಪರೀಕ್ಷೆಯನ್ನು ಸಾಮಾನ್ಯವಾಗಿ ಪ್ರಾದೇಶಿಕ ಸಂಘಗಳು ನಡೆಸುತ್ತವೆ, ಅಂಕ ಕೊಡುವವರು ಹೊರಗಿನವರು. ಹೊರದೇಶಗಳಲ್ಲಿ ಹಲವು ಕಡೆ ಬೇರೆ ಪದ್ಧತಿ ನಡೆದಿದೆ. ನಾಲ್ಕನೇ ಡಾನ್ ಅಥವಾ ಅದಕ್ಕೂ ಮೇಲಿನ ಗುರು ತನ್ನ ವಿದ್ಯಾರ್ಥಿಯನ್ನು ತಾನೇ ಪರೀಕ್ಷಿಸಿ, ಅರ್ಜಿಯನ್ನು ಕುಕ್ಕಿವೊನ್‌ಗೆ ಶಿಫಾರಸು ಮಾಡುತ್ತಾನೆ. 1962ರಲ್ಲಿ ಕಷ್ಟಪಟ್ಟು ಬೇರ್ಪಡಿಸಿದ ಎರಡು ಕೈಗಳು, ಕಲಿಸುವ ಕೈ ಮತ್ತು ಅಂಕ ಕೊಡುವ ಕೈ, ಇಲ್ಲಿ ಮತ್ತೆ ಒಂದಾದವು. ಒಳ್ಳೆಯ ಗುರು ಹೊರಗಿನ ಇಬ್ಬರನ್ನಾದರೂ ಕರೆಸಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ, ಯಾರನ್ನಾದರೂ ಅನುತ್ತೀರ್ಣ ಮಾಡಲು ಹೆದರುವುದಿಲ್ಲ.

ಅಪ್ಪ ಅಮ್ಮಂದಿರು ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕಾದ ವಿಷಯ ಇದು: ಬ್ಲ್ಯಾಕ್ ಬೆಲ್ಟ್ ಬಂದಾಗ ಅದರ ಪ್ರಮಾಣಪತ್ರ ಎಲ್ಲಿಂದ ಬರುತ್ತದೆ? ಕುಕ್ಕಿವೊನ್‌ನ ಪ್ರತಿ ಪೂಮ್ ಮತ್ತು ಡಾನ್‌ಗೂ ಒಂದು ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಹೋಲಿಸಿ ನೋಡಬಹುದು. ಆ ಸಂಖ್ಯೆ ಇಲ್ಲದ ಬೆಲ್ಟ್, ಅದನ್ನು ಕೊಟ್ಟ ಕ್ಲಬ್ ಅಥವಾ ಸಂಸ್ಥೆಯೊಳಗೆ ಮಾತ್ರ ನಡೆಯುತ್ತದೆ. ಮಗು ಮುಂದೆ ವರ್ಲ್ಡ್ ಟೇಕ್ವಾಂಡೋ ಪಂದ್ಯಕ್ಕೆ ಹೆಸರು ಕೊಡುವಾಗ ಸಾಮಾನ್ಯವಾಗಿ ಕುಕ್ಕಿವೊನ್ ಪ್ರಮಾಣಪತ್ರ ಕೇಳುತ್ತಾರೆ, ಅದು ಇಲ್ಲದಿದ್ದರೆ ಪರೀಕ್ಷೆಯನ್ನು ಮತ್ತೊಮ್ಮೆ ಕೊಡಬೇಕಾಗಬಹುದು.