ಲಿಂಡಾಗೊಂದು ಗುಡ್ಡ, ಮೇರಿಗೊಂದು ಇಳಿಜಾರು

ಪರದೆ ತುಂಬ ಗುಲಾಬಿ, ನೀಲಿ ಪಟ್ಟೆಗಳು. ಸೀರೆ ಮಡಿಕೆಯ ಹಾಗೆ ಒಂದರ ಮೇಲೊಂದು. ಲಿಂಡಾ ಅಂತ ಟೈಪ್ ಮಾಡಿದರೆ ಉಳಿದವೆಲ್ಲ ಜಾರಿಹೋಗಿ, ನಡುವೆ ಒಂದೇ ಒಂದು ಗುಲಾಬಿ ಗುಡ್ಡ ಉಳಿಯುತ್ತಿತ್ತು.

ಇದು 2005ರಲ್ಲಿ ಅಮೆರಿಕದ ಮಾರ್ಟಿನ್ ವಾಟೆನ್‌ಬರ್ಗ್ ಮಾಡಿದ 'ನೇಮ್‌ವಾಯೇಜರ್'. ಅಲ್ಲಿನ ಮಕ್ಕಳ ಹೆಸರುಗಳ ಏರಿಳಿತವನ್ನು, ಹಳೆಯ ಕಾಲ ಎಡಕ್ಕೆ, ಹೊಸದು ಬಲಕ್ಕೆ ಇಟ್ಟು ತೋರಿಸುತ್ತಿದ್ದ ವೆಬ್ ಚಿತ್ರ. ಹೆಂಡತಿ ಲಾರಾ ಮಕ್ಕಳ ಹೆಸರುಗಳ ಬಗ್ಗೆ ಪುಸ್ತಕ ಬರೆದಿದ್ದರು. ಅದರ ಜೊತೆಗಿರಲಿ ಅಂತ ಗಂಡ ಬರೆದ ಚಿತ್ರ ಇದು. ಹುಡುಗಿಯರಿಗೆ ಗುಲಾಬಿ, ಹುಡುಗರಿಗೆ ನೀಲಿ. ಹತ್ತು ಲಕ್ಷ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಹೆಸರಿದೆಯೋ, ಪಟ್ಟೆ ಅಷ್ಟು ದಪ್ಪ.

ಲೆಕ್ಕ ಬಂದಿದ್ದು ಅಲ್ಲಿನ ಸೋಶಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರಿ ಪಿಂಚಣಿ ಯೋಜನೆಯ ಇಲಾಖೆಯಿಂದ. 1880ರಲ್ಲಿ ಹುಟ್ಟಿದವರಿಂದಲೇ ಪಟ್ಟಿ ಶುರು. ಆದರೆ ಆ ಯೋಜನೆಯ ಕಾನೂನು ಬಂದದ್ದೇ 1935ರಲ್ಲಿ! ದೊಡ್ಡವರಾದ ಮೇಲೆ ಕಾರ್ಡ್ ಮಾಡಿಸಿದವರ ಹೆಸರು ಮಾತ್ರ ಹಳೆಯ ವರ್ಷಗಳಿಗೆ ಸೇರಿದೆ. ಅಂದರೆ ಚಿತ್ರದ ಎಡತುದಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಲಿಂಡಾ ಗುಡ್ಡದ ತುದಿ ಇರುವುದು 1947ರಲ್ಲಿ. ಆ ಒಂದೇ ವರ್ಷ ಸುಮಾರು 1 ಲಕ್ಷ ಲಿಂಡಾಗಳು ಹುಟ್ಟಿದರು. ಆಗ ಅದೇ ಹೆಸರಿನ ಹಾಡೊಂದು ಹಿಟ್ ಆಗಿತ್ತು, ಹಾಗಾಗಿ ಎಲ್ಲ ಹಾಡಿನದೇ ಮಹಿಮೆ ಅನ್ನುವವರಿದ್ದಾರೆ. ಆದರೆ ಹಾಡು ಹಿಟ್ ಆಗುವ ಮುಂಚೆಯೇ ಹೆಸರು ಎರಡನೇ ಸ್ಥಾನಕ್ಕೆ ಏರಿತ್ತಲ್ಲ! ಹಾಡು ಬೆನ್ನು ತಟ್ಟಿರಬಹುದು, ಅಷ್ಟೇ. ಮೇರಿಯ ಕಥೆ ಬೇರೆ. 1880ರಿಂದ 1946ರವರೆಗೂ ಅದೇ ಮೊದಲು, 1953ರಿಂದ 1961ರವರೆಗೆ ಮತ್ತೆ ಅದೇ. ಆಮೇಲೆ ಉದ್ದದ ಇಳಿಜಾರು. ಜೆನಿಫರ್ 1970ರಿಂದ 1984ರವರೆಗೆ ಮೆರೆದು ಇಳಿದಳು. ಹೆಸರು ಕೇಳಿಯೇ ಹೆಂಗಸಿನ ವಯಸ್ಸು ಊಹಿಸಬಹುದು, ಅಲ್ವಾ?

ಈ ಬಗೆಯ ಚಿತ್ರಕ್ಕೆ ಒಂದು ಕುಂದೂ ಇದೆ. ಮೇಲಿನ ಪಟ್ಟೆ ಕೆಳಗಿನವುಗಳ ಬೆನ್ನೇರಿ ಕೂತಿರುತ್ತದೆ. ಕೆಳಗಿನದು ಉಬ್ಬಿದರೆ, ತಾನು ಬೆಳೆಯದಿದ್ದರೂ ಮೇಲಿನದು ಎದ್ದ ಹಾಗೆ ಕಾಣುತ್ತದೆ. ಒಂದೇ ಹೆಸರನ್ನು ಬೇರೆ ಮಾಡಿ ನೋಡುವ ಸೌಲಭ್ಯ ಇದ್ದದ್ದರಿಂದ ಬಚಾವು.

ನನಗೆ ಜಾಸ್ತಿ ಇಷ್ಟ ಇಂಗ್ಲಿಷಿನ 'ಒ' ಅಕ್ಷರ. ಅದೊಂದನ್ನೇ ಒತ್ತಿದರೆ ಎಡಗಡೆ ಆಲಿವ್, ಓಪಲ್, ಓಟಿಸ್‌ಗಳ ದಿಬ್ಬ. ನಡುವೆ ಹಳ್ಳ. ಬಲಗಡೆ ಓವೆನ್, ಒಲಿವಿಯಾಗಳ ಹೊಸ ದಿಬ್ಬ. ಯಾವ ಅಪ್ಪ ಅಮ್ಮನೂ ಪಕ್ಕದೂರಿನವರನ್ನು ಕೇಳಿ ಹೆಸರಿಟ್ಟಿರಲಿಲ್ಲ. ಆದರೂ ಆ ಹಳ್ಳ ಹತ್ತಾರು ವರ್ಷ ಹಾಗೇ ಇತ್ತು.