ಮದ್ದು ಸುಡುವ ರಾತ್ರಿ ಮಂಚದ ಕೆಳಗೆ

ವಿಜಯಪುರದವರಿಗೆ ಸಂಕ್ರಮಣ ಅಂದರೆ ಸಿದ್ಧೇಶ್ವರ ಜಾತ್ರೆ. ಮದ್ದು, ಅಂದರೆ ಪಟಾಕಿ, ಸುಡುವ ರಾತ್ರಿ ಊರೆಲ್ಲ ತಲೆ ಎತ್ತಿ ಆಕಾಶ ನೋಡುತ್ತಿರುತ್ತದೆ. ನಮ್ಮ ನಾಯಿ ಮೋತಿ ಮಾತ್ರ ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ಬಾಲ ಕಾಲಸಂದಿಯಲ್ಲಿ. ಅಂಥ ಚಳಿಯಲ್ಲೂ ನಾಲಿಗೆ ಚಾಚಿ ತೇಕುತ್ತಿತ್ತು. "ಮುದ್ದು ಮಾಡಬ್ಯಾಡ್ರಿ, ಇನ್ನೂ ಜಾಸ್ತಿ ಅಂಜತೈತಿ" ಅಂತ ಪಕ್ಕದ ಮನೆಯ ಕಾಕಾ ಹೇಳಿದ್ದರು. ಎರಡು ವರ್ಷ ಆ ಮಾತು ನಂಬಿ ಸುಮ್ನೆ ದೂರ ಕೂತಿದ್ದೆ. ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಆ ಮಾತು ತಪ್ಪು. ಕೈ ಕೊಟ್ಟರೆ ಬಿಸ್ಕಿಟ್ ಸಿಗುತ್ತದೆ ಅಂತ ನಾಯಿ ಕಲಿಯುತ್ತದೆ, ನಿಜ. ಆದರೆ ನಡುಗುವುದು ಅದು ಬೇಕೆಂದು ಮಾಡುವ ಕೆಲಸ ಅಲ್ವಲ್ಲ. ಸದ್ದು ಕೇಳಿದ ಕೂಡಲೇ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಹಿಂದೆಯೇ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಏರುತ್ತದೆ. ಅದು ಇಳಿಯಲು ಹೊತ್ತು ಬೇಕು. ಪಟಾಕಿ ನಿಂತ ಮೇಲೂ ನಾಯಿ ಬಾಗಿಲ ಸದ್ದಿಗೆ ಬೆಚ್ಚುವುದು ಇದಕ್ಕೇ. ಅದು ನಿಮ್ಮ ಹತ್ತಿರ ಬಂದರೆ ಧಾರಾಳವಾಗಿ ಬೆನ್ನು ಸವರಿ. ಬರದಿದ್ದರೆ ಎಳೆದು ತರಬೇಡಿ. ಬೈದರೆ, ಹೊಡೆದರೆ ಮಾತ್ರ ಭಯಕ್ಕೆ ಭಯ ಸೇರುತ್ತದೆ.

ಅಡಗುವ ಜಾಗವನ್ನು ನಾವೇ ಚಂದ ಮಾಡಿಕೊಡಬಹುದು. ನಾನು ಮಂಚದ ಮೂರು ಬದಿಗೆ ಹಳೆಯ ಕೌದಿ ಇಳಿಬಿಟ್ಟು, ಒಳಗೊಂದು ಹಾಸಿದೆ. ಒಂದು ಬದಿ ತೆರೆದೇ ಇರಬೇಕು. ಕಿಟಕಿ ಮುಚ್ಚಿ, ಫ್ಯಾನು ಹಾಕಿ. ತಿರುಗಾಟ ಸಂಜೆಗೆ ಮೊದಲೇ ಮುಗಿಯಲಿ. ಅಂಜಿದ ನಾಯಿ ಬೆಲ್ಟ್ ಬಿಡಿಸಿಕೊಂಡು ಎಲ್ಲಿಗಾದರೂ ಓಡಿಬಿಡುತ್ತದೆ.

ನಿಜವಾದ ಕೆಲಸ ಇರುವುದು ಜಾತ್ರೆಗೆ ಎಷ್ಟೋ ವಾರ ಮೊದಲು. ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳ ಜೀರ್ಣಕ್ರಿಯೆ ಅಭ್ಯಾಸ ಮಾಡಿ 1904ರಲ್ಲಿ ನೊಬೆಲ್ ಪಡೆದರು. ಊಟಕ್ಕೆ ಮುಂಚೆ ಒಂದೇ ಸದ್ದು ಮತ್ತೆ ಮತ್ತೆ ಕೇಳಿಸಿದರೆ, ಮುಂದೆ ಆ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಅಂತ ತೋರಿಸಿದವರು ಅವರೇ. ನಾನು ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಹಿಂದೆಯೇ ಮೊಸರಲ್ಲಿ ಅದ್ದಿದ ರೊಟ್ಟಿ ಚೂರು ಕೊಡುತ್ತಿದ್ದೆ. ಮೊದಲು ಸದ್ದು, ಆಮೇಲೆ ರೊಟ್ಟಿ. ಈ ಕ್ರಮ ತಿರುಗಿಸಿದರೆ ರೊಟ್ಟಿ ಕಂಡರೇ ನಾಯಿ ಅನುಮಾನಪಡಲು ಶುರುಮಾಡಬಹುದು. ದಿನಕ್ಕೆ ಐದು ನಿಮಿಷ ಸಾಕು. ತಿನ್ನಲು ಒಲ್ಲೆ ಅಂದರೆ ಸದ್ದು ಜಾಸ್ತಿಯಾಗಿದೆ ಅಂತ ಅರ್ಥ. ಭಯಗೊಂಡ ಮೈ ಹಸಿವನ್ನು ಬದಿಗಿಡುತ್ತದೆ. ಆಗ ಸದ್ದು ಇಳಿಸಿ, ಮರುದಿನ ಮತ್ತೆ ನೋಡಿ.

ಕೆಲವು ನಾಯಿಗಳಿಗೆ ಇಷ್ಟು ಸಾಲದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಪಶುವೈದ್ಯರು ಭಯ ತಗ್ಗಿಸುವ ಔಷಧಿ ಕೊಡುತ್ತಾರೆ. ಜಾತ್ರೆಗೆ ಮೊದಲೇ ಹೋಗಿ ಕೇಳಿ. ಮನೆಯಲ್ಲಿರುವ ನಮ್ಮ ನಿದ್ದೆ ಮಾತ್ರೆ, ನೋವಿನ ಮಾತ್ರೆ ಮಾತ್ರ ದಯವಿಟ್ಟು ಕೊಡಬೇಡಿ. ಅವು ನಾಯಿಗೆ ವಿಷವಾಗಬಹುದು.

ಮೋತಿ ಈಗಲೂ ಮಂಚದ ಕೆಳಗೇ ಹೋಗುತ್ತದೆ. ಈ ಸಲ ಮದ್ದಿನ ಸದ್ದಿನ ನಡುವೆ ಕೌದಿ ಸರಿಸಿ ಹೊರಬಂದು, ತಾಟಿನ ಮೊಸರು ನೆಕ್ಕಿ, ಮತ್ತೆ ಒಳಗೆ ಹೋಗಿ ಮಲಗಿತು.