ವಿಡಿಯೊ ಉಪಕರಣಗಳ ದೋಷಪತ್ತೆ: ತೊಂದರೆ ಫೈಲಿನಲ್ಲಿದೆಯೋ, ಪರದೆಯಲ್ಲಿದೆಯೋ?

ವಿಡಿಯೊ ವ್ಯವಸ್ಥೆಯ ಯಾವ ಭಾಗ ಕೆಟ್ಟರೂ ಅದರ ಪರಿಣಾಮ ನಮ್ಮ ಕಣ್ಣಿಗೆ ಬೀಳುವುದು ಮಾನಿಟರಿನ ಮೇಲೆಯೇ. ಹೀಗಾಗಿ ಹೊಸದಾಗಿ ಕಲಿಯುತ್ತಿರುವ ಬಹುತೇಕರ ಕೈ ಮೊದಲು ಹೋಗುವುದು ಮಾನಿಟರಿನ ಸೆಟ್ಟಿಂಗ್‌ಗಳತ್ತ. ಅಲ್ಲಿ ಬ್ರೈಟ್‌ನೆಸ್, ಕಾಂಟ್ರಾಸ್ಟ್‌ಗಳನ್ನು ಬದಲಿಸುತ್ತ ಹೋದರೆ ಮೂಲ ದೋಷ ಹಾಗೆಯೇ ಉಳಿದು, ಅದರ ಮೇಲೆ ಹೊಸದೊಂದು ದೋಷ ಸೇರಿಕೊಳ್ಳುತ್ತದೆ. ಆದ್ದರಿಂದ ಯಾವ ಗುಂಡಿಯನ್ನೂ ಮುಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ತೊಂದರೆ ದಾಖಲಾದ ಫೈಲಿನಲ್ಲಿದೆಯೇ, ಅಥವಾ ನೋಡುವಾಗ ಮಾತ್ರ ಕಾಣುತ್ತಿದೆಯೇ?

ಉತ್ತರ ಪಡೆಯುವುದು ಕಷ್ಟವೇನಲ್ಲ. ಕೆಲವು ಸೆಕೆಂಡುಗಳಷ್ಟು ರೆಕಾರ್ಡ್ ಮಾಡಿ, ಆ ಫೈಲನ್ನು ಸುಸ್ಥಿತಿಯಲ್ಲಿದೆಯೆಂದು ಗೊತ್ತಿರುವ ಬೇರೊಂದು ಕಂಪ್ಯೂಟರಿನಲ್ಲಿ ನೋಡಬೇಕು. ಫೈಲು ಚೆನ್ನಾಗಿದ್ದರೆ ಕ್ಯಾಮೆರಾದಿಂದ ರೆಕಾರ್ಡರ್‌ವರೆಗಿನ ಹಾದಿಯ ಮೇಲಿನ ಅನುಮಾನ ದೂರವಾಗಿ, ಹುಡುಕಾಟ ಮಾನಿಟರ್ ಮತ್ತು ಅದಕ್ಕೆ ಹೋಗುವ ಕೇಬಲ್‌ಗಷ್ಟೇ ಸೀಮಿತವಾಗುತ್ತದೆ. ಇದಕ್ಕೆ ವಿರುದ್ಧವಾದ ಸ್ಥಿತಿ, ಅಂದರೆ ಪರದೆಯಲ್ಲಿ ಎಲ್ಲವೂ ಸರಿಯಿದ್ದು ಫೈಲು ಮಾತ್ರ ಕೆಟ್ಟಿರುವುದು, ಎಲ್ಲಕ್ಕಿಂತ ಅಪಾಯಕಾರಿ ಎಂದು ನನ್ನ ಅಭಿಪ್ರಾಯ. ಅನೇಕ ರೆಕಾರ್ಡರ್‌ಗಳು ರೆಕಾರ್ಡಿಂಗ್ ನಡೆಯುವಾಗ ಮಾನಿಟರಿಗೆ ಕಳುಹಿಸುವುದು ಒಳಗೆ ಬರುತ್ತಿರುವ ಸಿಗ್ನಲ್ಲನ್ನೇ ಹೊರತು ಡಿಸ್ಕಿನ ಮೇಲೆ ಬರೆದದ್ದನ್ನಲ್ಲ. ಕೆಂಪು ದೀಪ ಉರಿಯುತ್ತಿದೆ, ಚಿತ್ರ ಸ್ಪಷ್ಟವಾಗಿದೆ ಎಂಬುದು ದಾಖಲಾತಿ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿಯಾಗದು. ಮರಳಿ ಪ್ಲೇ ಮಾಡಿ ನೋಡಿದ ಫೈಲು ಮಾತ್ರ ಸಾಕ್ಷಿ.

ಸರಪಳಿಯನ್ನು ಮಧ್ಯದಲ್ಲಿ ಕತ್ತರಿಸುವುದು

ಮುಂದಿನ ಹಂತದಲ್ಲಿ ಸಿಗ್ನಲ್ ಸಾಗುವ ಹಾದಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು: ಕ್ಯಾಮೆರಾ, ಕೇಬಲ್, ಕನ್ವರ್ಟರ್, ಸ್ವಿಚರ್, ಕ್ಯಾಪ್ಚರ್ ಕಾರ್ಡ್ (ವಿಡಿಯೊ ಸಿಗ್ನಲ್ಲನ್ನು ಕಂಪ್ಯೂಟರಿನೊಳಕ್ಕೆ ತರುವ ಸಾಧನ), ರೆಕಾರ್ಡರ್. ಒಂದು ತುದಿಯಿಂದ ಒಂದೊಂದಾಗಿ ಪರೀಕ್ಷಿಸುವುದಕ್ಕಿಂತ ಮಧ್ಯದ ಒಂದು ಬಿಂದುವಿನಲ್ಲಿ ಮಾನಿಟರ್ ಜೋಡಿಸಿ ನೋಡುವುದು ಮೇಲು. ಅಲ್ಲಿ ಚಿತ್ರ ಸರಿಯಿದ್ದರೆ ದೋಷ ಅದರ ಮುಂದಿನ ಭಾಗದಲ್ಲಿದೆ, ಕೆಟ್ಟಿದ್ದರೆ ಹಿಂದಿನ ಭಾಗದಲ್ಲಿದೆ. ಎಂಟು ಘಟಕಗಳಿರುವ ಸರಪಳಿಯಲ್ಲಿ ಇಂಥ ಮೂರು ಪರೀಕ್ಷೆಗಳೇ ಸಾಕು. ಪ್ರತಿ ಸಲವೂ ಒಂದನ್ನು ಮಾತ್ರ ಬದಲಿಸಬೇಕು. ಕೇಬಲ್ ಮತ್ತು ಪೋರ್ಟ್ ಎರಡನ್ನೂ ಒಟ್ಟಿಗೆ ಬದಲಿಸಿದಾಗ ಚಿತ್ರ ಬಂದರೆ ಯಾವುದು ಕೆಟ್ಟಿತ್ತೆಂಬುದು ತಿಳಿಯದೆ, ಕೆಟ್ಟ ಕೇಬಲ್ಲೇ ಮತ್ತೆ ಚೀಲ ಸೇರುತ್ತದೆ.

ಈ ಪರೀಕ್ಷೆಯಲ್ಲಿ ಕ್ಯಾಮೆರಾ ತಾನೇ ಉತ್ಪಾದಿಸುವ ಕಲರ್ ಬಾರ್‌ಗಳು ಬಹಳ ಉಪಯುಕ್ತ. ಈ ಬಣ್ಣದ ಪಟ್ಟಿಗಳು ಲೆನ್ಸ್ ಮತ್ತು ಸೆನ್ಸರ್‌ಗಳನ್ನು ಹಾದು ಬರುವುದಿಲ್ಲ. ಪಟ್ಟಿಗಳು ಎಲ್ಲೆಡೆ ಸರಿಯಾಗಿ ಕಂಡು, ದೃಶ್ಯ ಮಾತ್ರ ಮಂಕಾಗಿದ್ದರೆ ಲೆನ್ಸ್, ಐರಿಸ್, ವೈಟ್ ಬ್ಯಾಲೆನ್ಸ್‌ಗಳತ್ತ ನೋಡಬೇಕು. ಪಟ್ಟಿಗಳೇ ಕೆಟ್ಟು ಬರುತ್ತಿದ್ದರೆ ಲೆನ್ಸಿನ ಮೇಲೆ ಸಮಯ ಕಳೆಯುವ ಅಗತ್ಯವಿಲ್ಲ.

ಕೇಬಲ್ ಮತ್ತು ಕನೆಕ್ಟರ್

ನಾನು ಮೊದಲು ಅನುಮಾನಿಸುವುದು ಕೇಬಲ್‌ಗಳನ್ನೇ, ಏಕೆಂದರೆ ದಿನವೂ ಬಾಗುವುದು, ಎಳೆಯಲ್ಪಡುವುದು, ತುಳಿತಕ್ಕೆ ಸಿಗುವುದು ಅವೇ. ಅನಲಾಗ್ ಸಿಗ್ನಲ್ ಹಂತಹಂತವಾಗಿ ಹದಗೆಡುತ್ತದೆ. ಡಿಜಿಟಲ್ ಸಿಗ್ನಲ್ ಹಾಗಲ್ಲ. ಕೇಬಲಿನ ಉದ್ದ ಹೆಚ್ಚುತ್ತ ಹೋದರೂ ಚಿತ್ರ ನಿರ್ಮಲವಾಗಿಯೇ ಇದ್ದು, ಒಂದು ಮಿತಿಯ ಹತ್ತಿರ ಅಲ್ಲಲ್ಲಿ ಚುಕ್ಕೆಗಳು ಮಿನುಗಿ, ಇನ್ನು ಕೆಲವೇ ಮೀಟರ್‌ಗಳಲ್ಲಿ ಪೂರ್ತಿ ಮಾಯವಾಗುತ್ತದೆ. ಎಸ್‌ಡಿಐ, ಅಂದರೆ ವೃತ್ತಿಪರ ಉಪಕರಣಗಳ ನಡುವೆ ಡಿಜಿಟಲ್ ವಿಡಿಯೊ ಸಾಗಿಸುವ ಕೇಬಲ್ ಹಾದಿಯಲ್ಲಿ ಆ ಮಿನುಗುವ ಚುಕ್ಕೆಗಳು ಕಂಡರೆ ಅವನ್ನು ಎಚ್ಚರಿಕೆಯೆಂದೇ ತಿಳಿಯಬೇಕು. ಎಚ್‌ಡಿ-ಎಸ್‌ಡಿಐ ಸೆಕೆಂಡಿಗೆ 1.485 ಗಿಗಾಬಿಟ್ ವೇಗದಲ್ಲಿಯೂ 3ಜಿ-ಎಸ್‌ಡಿಐ 2.97 ಗಿಗಾಬಿಟ್ ವೇಗದಲ್ಲಿಯೂ ಸಾಗುವುದರಿಂದ, ಎಚ್‌ಡಿ-ಎಸ್‌ಡಿಐ ಸಾಕಾಗುವ 1080ಐನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕೇಬಲ್ 3ಜಿ-ಎಸ್‌ಡಿಐ ಬೇಕಾಗುವ 1080ಪಿ60ಕ್ಕೆ ಬದಲಿಸಿದೊಡನೆ ಕೈಕೊಡಬಹುದು. ಕೇಬಲ್ ಮತ್ತು ಬಿಎನ್‌ಸಿ ಕನೆಕ್ಟರ್ ಎರಡೂ 75 ಓಮ್‌ನವೇ ಆಗಿರಬೇಕು. ನೋಡಲು ಹಾಗೆಯೇ ಇರುವ 50 ಓಮ್ ಕೇಬಲ್ ಹಾಕಿದರೆ ಸಿಗ್ನಲ್ಲಿನ ಒಂದಂಶ ಪ್ರತಿಫಲಿಸಿ ಹಿಂದಿರುಗುತ್ತದೆ.

ಹಳೆಯ ಅನಲಾಗ್ ವ್ಯವಸ್ಥೆಗಳಲ್ಲಿ ಚಿತ್ರ ಅತಿಯಾಗಿ ಬೆಳ್ಳಗೆ ಕಂಡರೆ ಕೊನೆಯ ಉಪಕರಣದ 75 ಓಮ್ ಟರ್ಮಿನೇಶನ್ (ಹಾದಿಯ ಕೊನೆಯಲ್ಲಿರಬೇಕಾದ ರೋಧ) ತಪ್ಪಿಹೋಗಿರಬಹುದು, ಕತ್ತಲಾಗಿ ಕಂಡರೆ ಎರಡು ಕಡೆ ಟರ್ಮಿನೇಶನ್ ಆಗಿರಬಹುದು. ಮೊದಲನೆಯದರಲ್ಲಿ 1 ವೋಲ್ಟ್ ಇರಬೇಕಾದ ಸಿಗ್ನಲ್ ಸುಮಾರು 2 ವೋಲ್ಟ್‌ಗೆ ಏರುತ್ತದೆ, ಎರಡನೆಯದರಲ್ಲಿ ಸುಮಾರು 0.67 ವೋಲ್ಟ್‌ಗೆ ಇಳಿಯುತ್ತದೆ. ಬ್ರೈಟ್‌ನೆಸ್ ಗುಂಡಿ ಇದಕ್ಕೆ ಪರಿಹಾರವಲ್ಲ.

ಎಚ್‌ಡಿಎಂಐನಲ್ಲಿ ಪರದೆ ಕಪ್ಪಾಗಿಯೇ ಉಳಿದರೆ ಕೇಬಲ್ ಕೆಟ್ಟಿದೆಯೆಂದು ತಕ್ಷಣ ತೀರ್ಮಾನಿಸಬಾರದು. ಚಿತ್ರ ಬರುವ ಮೊದಲು ಮಾನಿಟರ್ ತಾನು ತೋರಿಸಬಲ್ಲ ರೆಸಲ್ಯೂಶನ್‌ಗಳ ಪಟ್ಟಿಯನ್ನು, ಅಂದರೆ ಇಡಿಐಡಿ ಮಾಹಿತಿಯನ್ನು, ಮೂಲ ಉಪಕರಣಕ್ಕೆ ತಿಳಿಸಬೇಕಾಗುತ್ತದೆ. ನಡುವಿನ ಸ್ಪ್ಲಿಟರ್ ಇದನ್ನು ತಪ್ಪಾಗಿ ದಾಟಿಸಿದರೆ ಮಾನಿಟರಿಗೆ ಹೊಂದದ ಸಿಗ್ನಲ್ ಬರುತ್ತದೆ. ಸ್ಪ್ಲಿಟರ್ ತೆಗೆದು ನೇರವಾಗಿ ಜೋಡಿಸಿ ನೋಡಿದರೆ ಇದು ಬೇಗ ಬಯಲಾಗುತ್ತದೆ. ಎಚ್‌ಡಿಸಿಪಿ ಎಂಬ ನಕಲು ತಡೆಯುವ ರಕ್ಷಣೆಯಿರುವ ಸಿಗ್ನಲ್ಲನ್ನು ಕ್ಯಾಪ್ಚರ್ ಕಾರ್ಡ್ ಕಪ್ಪಾಗಿ ತೋರಿಸಿದರೆ ಅದು ದೋಷವೇ ಅಲ್ಲ.

ಕ್ಯಾಪ್ಚರ್ ಮತ್ತು ದಾಖಲಾತಿ

ಫ್ರೇಮ್‌ಗಳು ಬಿಟ್ಟುಹೋಗುವ ತೊಂದರೆಯನ್ನು ಲೆಕ್ಕದಿಂದಲೇ ಅರ್ಥಮಾಡಿಕೊಳ್ಳಬಹುದು. 8 ಬಿಟ್, 4:2:2 ಮಾದರಿಯ (ಬಣ್ಣದ ಮಾಹಿತಿಯನ್ನು ಅರ್ಧಕ್ಕೆ ಇಳಿಸಿದ) ಚಿತ್ರದಲ್ಲಿ ಪ್ರತಿ ಪಿಕ್ಸೆಲಿಗೆ 2 ಬೈಟ್ ಬೇಕು. 1920 ಅನ್ನು 1080ರಿಂದ, ಅದನ್ನು 2 ಬೈಟ್‌ನಿಂದ, ಮತ್ತೆ 60 ಫ್ರೇಮ್‌ಗಳಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 249 ಮೆಗಾಬೈಟ್, ಅಂದರೆ ಹತ್ತಿರಹತ್ತಿರ 2 ಗಿಗಾಬಿಟ್ ಆಗುತ್ತದೆ. ಯುಎಸ್‌ಬಿ 2.0 ಪೋರ್ಟಿನ ಗರಿಷ್ಠ ವೇಗ 480 ಮೆಗಾಬಿಟ್ ಮಾತ್ರ. ಯುಎಸ್‌ಬಿ 3 ಕ್ಯಾಪ್ಚರ್ ಸಾಧನವನ್ನು ಹಳೆಯ ಪೋರ್ಟಿಗೆ ಅಥವಾ ಹಳೆಯ ಹಬ್ಬಿಗೆ ಸಿಕ್ಕಿಸಿದರೆ ಫ್ರೇಮ್ ದರ ಕುಸಿಯುವುದಕ್ಕೂ ಚಿತ್ರವನ್ನು ಸಂಕುಚಿತಗೊಳಿಸಿ ಕಳುಹಿಸುವುದಕ್ಕೂ ಇದೇ ಕಾರಣ.

ಮೆಮೊರಿ ಕಾರ್ಡಿನ ವಿಷಯದಲ್ಲಿ ಬಿಟ್ ಮತ್ತು ಬೈಟ್‌ಗಳ ಗೊಂದಲ ಬೇಡ. 100 ಮೆಗಾಬಿಟ್ ದರದ ವಿಡಿಯೊಗೆ ಸೆಕೆಂಡಿಗೆ 12.5 ಮೆಗಾಬೈಟ್ ಬರೆಯುವ ವೇಗವೂ ಒಂದು ಗಂಟೆಗೆ 45 ಗಿಗಾಬೈಟ್ ಜಾಗವೂ ಬೇಕು. ಕಾರ್ಡಿನ ಮೇಲೆ ದೊಡ್ಡದಾಗಿ ಮುದ್ರಿಸಿರುವ ಅಂಕಿ ಸಾಮಾನ್ಯವಾಗಿ ಓದುವ ವೇಗದ್ದು. ನಾವು ನೋಡಬೇಕಾದದ್ದು ವಿ30, ವಿ60ರಂಥ ಗುರುತನ್ನು, ಏಕೆಂದರೆ ಅದು ಸತತವಾಗಿ ಬರೆಯಬಲ್ಲ ಕನಿಷ್ಠ ವೇಗವನ್ನು ಹೇಳುತ್ತದೆ. ಪ್ರತಿ ಸಲವೂ ಫೈಲು 4 ಗಿಗಾಬೈಟ್ ಮುಟ್ಟಿದಾಗಲೇ ತುಂಡಾಗುತ್ತಿದ್ದರೆ ಅದು ಎಫ್‌ಎಟಿ32 ಫಾರ್ಮ್ಯಾಟಿನ ಮಿತಿ. ಸಾಮಾನ್ಯ ಎಂಪಿ4 ಫೈಲಿನ ಸೂಚಿ ಬರೆಯಲ್ಪಡುವುದು ರೆಕಾರ್ಡಿಂಗ್ ನಿಲ್ಲಿಸಿದಾಗ, ಹಾಗಾಗಿ ನಡುವೆ ವಿದ್ಯುತ್ ಹೋದರೆ ದತ್ತಾಂಶವಿದ್ದರೂ ಫೈಲು ತೆರೆಯುವುದಿಲ್ಲ. ಆಗ ಕಾರ್ಡನ್ನು ಫಾರ್ಮ್ಯಾಟ್ ಮಾಡದೆ, ಅದರ ಮೇಲೆ ಬೇರೇನನ್ನೂ ಬರೆಯದೆ ಪ್ರತಿ ತೆಗೆದಿಟ್ಟುಕೊಂಡರೆ ಸರಿಪಡಿಸುವ ಸಾಧ್ಯತೆ ಉಳಿಯುತ್ತದೆ.

ಧ್ವನಿ ಮತ್ತು ಚಿತ್ರ ಹೊಂದದಿದ್ದಾಗ ಅಂತರ ಸ್ಥಿರವಾಗಿದೆಯೋ ಬೆಳೆಯುತ್ತಿದೆಯೋ ಎಂದು ಮೊದಲು ಗಮನಿಸಬೇಕು. ಆರಂಭದಿಂದ ಕೊನೆಯವರೆಗೂ ಒಂದೇ ಅಂತರವಿದ್ದರೆ ಎಲ್ಲೋ ಒಂದು ಉಪಕರಣ ಚಿತ್ರವನ್ನು ಸಂಸ್ಕರಿಸಲು ಸಮಯ ತೆಗೆದುಕೊಳ್ಳುತ್ತಿದೆ. ಧ್ವನಿಯನ್ನು ಅಷ್ಟೇ ತಡಮಾಡಿದರೆ ಸಾಕು. ಅಂತರ ಬೆಳೆಯುತ್ತಿದ್ದರೆ ಗಡಿಯಾರಗಳು ಹೊಂದುತ್ತಿಲ್ಲ. 59.94 ಫ್ರೇಮ್ ದರದ ಚಿತ್ರವನ್ನು 60 ಎಂದು ಪರಿಗಣಿಸಿದರೆ ಒಂದು ಗಂಟೆಯಲ್ಲಿ ಸುಮಾರು 3.6 ಸೆಕೆಂಡು ವ್ಯತ್ಯಾಸವಾಗುತ್ತದೆ.

ಕಣ್ಗಾವಲು ಕ್ಯಾಮೆರಾಗಳಲ್ಲಿ

ಹಗಲೆಲ್ಲ ಸರಿಯಿದ್ದು ಕತ್ತಲಾದೊಡನೆ ಮರಳಿ ಮರಳಿ ರೀಸ್ಟಾರ್ಟ್ ಆಗುವ ಐಪಿ ಕ್ಯಾಮೆರಾ ಇಲ್ಲಿ ಒಳ್ಳೆಯ ಪಾಠ. ಕತ್ತಲಲ್ಲಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಕ್ಯಾಮೆರಾ ಹೆಚ್ಚು ವಿದ್ಯುತ್ ಎಳೆಯುತ್ತದೆ, ಉದ್ದದ ತೆಳು ತಂತಿಯಲ್ಲಿ ವೋಲ್ಟೇಜ್ ಇಳಿಯುತ್ತದೆ, ಕ್ಯಾಮೆರಾ ಆರಿಹೋಗುತ್ತದೆ. ದೀಪಗಳೂ ಆರಿದ್ದರಿಂದ ವೋಲ್ಟೇಜ್ ಮತ್ತೆ ಏರಿ ಅದು ಪುನಃ ಚಾಲೂ ಆಗುತ್ತದೆ. 802.3ಎಎಫ್ ಮಾದರಿಯ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ತನ್ನೂ ಕಳುಹಿಸುವ ಸಾಧನ) ಪ್ರತಿ ಪೋರ್ಟಿಗೆ 15.4 ವಾಟ್ ಕೊಟ್ಟರೂ ಕೇಬಲಿನ ಆಚೆ ತುದಿಗೆ ಖಾತರಿಯಾಗಿ ಸಿಗುವುದು 12.95 ವಾಟ್ ಮಾತ್ರ. 12 ವೋಲ್ಟ್ ಅಡಾಪ್ಟರಿನಿಂದ ನಡೆಯುವ ಕ್ಯಾಮೆರಾದಲ್ಲಿ ಅಡಾಪ್ಟರಿನ ಬಳಿ ಅಥವಾ ಪಿನ್ ಕಳಚಿ ಅಳೆದರೆ ಮೀಟರ್ ಸರಿಯಾದ 12 ವೋಲ್ಟನ್ನೇ ತೋರಿಸುತ್ತದೆ. ಅಳೆಯಬೇಕಾದದ್ದು ಕ್ಯಾಮೆರಾದ ತುದಿಯಲ್ಲಿ, ಲೆನ್ಸಿನ ಭಾಗವನ್ನು ಬಟ್ಟೆಯಿಂದ ಮುಚ್ಚಿ ದೀಪಗಳು ಹೊತ್ತಿಕೊಂಡಿರುವಾಗ.